ಹಾಸಿಗೆಯಲ್ಲಿ ಹೊರಳಿದರೆ ಸುತ್ತುವ ಲೋಕ

ಕೇಳುಗರಿಗೆ ನಮಸ್ಕಾರ. ಬದಿಯಡ್ಕ, ಪೆರ್ಲದ ಕಡೆಯಿಂದ ತಲೆತಿರುಗುತ್ತದೆ ಎಂದು ಬರುವವರು ಕಾರಣವನ್ನೂ ತಾವೇ ಹೊತ್ತು ತರುತ್ತಾರೆ. “ಪಿತ್ತವೇ ಇರಬೇಕು ಡಾಕ್ಟರೇ, ಪುನರ್ಪುಳಿ ಶರಬತ್ತು ಕುಡಿದೆ, ಇಳಿಯಲಿಲ್ಲ.” ಪುನರ್ಪುಳಿಯ ಮೇಲೆ ನನಗೆ ಮುನಿಸಿಲ್ಲ, ಬೇಸಿಗೆಯಲ್ಲಿ ನಾನೂ ಕುಡಿಯುತ್ತೇನೆ. ಆದರೆ ನಾನು ಕೇಳುವುದು ಎರಡೇ ಮಾತು: ಯಾವಾಗ ತಿರುಗುತ್ತದೆ, ಎಷ್ಟು ಹೊತ್ತು ತಿರುಗುತ್ತದೆ?

ಅಡಿಕೆಗೆ ಮದ್ದು ಬಿಡುವವರೊಬ್ಬರು ಹೇಳಿದರು: “ಗೊನೆ ನೋಡಲು ಕತ್ತೆತ್ತಿದರೆ ತೋಟವೇ ಸುತ್ತುತ್ತದೆ, ಅರೆ ನಿಮಿಷ. ರಾತ್ರಿ ಬಲಮಗ್ಗುಲಿಗೆ ಹೊರಳಿದರೂ ಹಾಗೆಯೇ.” ರೋಗನಿರ್ಣಯ ಅಲ್ಲಿಗೆ ಮುಕ್ಕಾಲು ಮುಗಿಯಿತು: ತೊಂದರೆ ಪಿತ್ತದ್ದಲ್ಲ, ಒಳಗಿವಿಯದ್ದು.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ಯಕ್ಷಗಾನದಲ್ಲಿ ಗಿರಗಿರನೆ ಧೀಂಗಿಣ ಹಾಕಿ ನಿಂತ ಮೇಲೂ ರಂಗಸ್ಥಳ ಸುತ್ತುವಂತೆ ತೋರುವುದು ಆ ದ್ರವ ಇನ್ನೂ ನಿಂತಿಲ್ಲದ ಕಾರಣ. ನಾಳಗಳ ಪಕ್ಕದ ಚೀಲದಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಾದಾಗ, ತಲೆಗೆ ಪೆಟ್ಟು ಬಿದ್ದಾಗ, ಕೆಲವೊಮ್ಮೆ ಸುಮ್ಮನೆಯೂ ಅವು ಕಳಚಿ ನಾಳಕ್ಕೆ ಜಾರುತ್ತವೆ. ತಲೆ ವಾಲಿದಾಗಲೆಲ್ಲ ಉರುಳಿ ದ್ರವವನ್ನು ತಳ್ಳುತ್ತವೆ, ಆಗ ಲೋಕ ಸುತ್ತಿದಂತೆ ತೋರುತ್ತದೆ.

ಪತ್ತೆಹಚ್ಚಲು ಸ್ಕ್ಯಾನ್ ಬೇಡ. ತಲೆಯನ್ನು ಪಕ್ಕಕ್ಕೆ 45 ಡಿಗ್ರಿ ಹೊರಳಿಸಿ ತಟ್ಟನೆ ಅಂಗಾತ ಮಲಗಿಸಿದರೆ, ಕೆಲವು ಸೆಕೆಂಡು ಬಿಟ್ಟು ಕಣ್ಣುಗುಡ್ಡೆಗಳು ತಿರುಚಿದಂತೆ ಮಿಡಿದು, ನಿಮಿಷದೊಳಗೆ ಸುಮ್ಮನಾಗುತ್ತವೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ ಇದು. ಚಿಕಿತ್ಸೆಯೂ ಕೈಯಲ್ಲೇ: ತಲೆಯನ್ನು ಹಂತ ಹಂತವಾಗಿ ಹೊರಳಿಸಿ ಹರಳನ್ನು ಮೊದಲಿನ ಚೀಲಕ್ಕೆ ಇಳಿಸುವುದು. ಅಮೆರಿಕದ ಜಾನ್ ಎಪ್ಲಿ ಇದನ್ನು ತೋರಿಸಿಕೊಟ್ಟಾಗ ಸಹವೈದ್ಯರೇ ನಂಬಲಿಲ್ಲ. ಇಷ್ಟು ಸುಲಭವೆಂದರೆ ಯಾರು ನಂಬುತ್ತಾರೆ? ಹಲವರಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ, ಕೆಲವರಿಗೆ ಮರುಕಳಿಸುತ್ತದೆ. ಗುಣವಾಗುವ ತನಕ ಮರ ಹತ್ತಬೇಡಿ. ತಿಂಗಳುಗಟ್ಟಲೆ ನುಂಗುವ ತಲೆಸುತ್ತಿನ ಮಾತ್ರೆ ಹರಳನ್ನು ಕದಲಿಸುವುದಿಲ್ಲ.

ಗಂಟೆಗಟ್ಟಲೆ ತಿರುಗಿ, ಕಿವಿ ಮೊರೆದು, ಮಂದವಾದರೆ ಅದು ಮೆನಿಯರ್ ಕಾಯಿಲೆ ಇರಬಹುದು. ಅದಕ್ಕೆ ಉಪ್ಪು ಕಡಿಮೆ ಮಾಡಬೇಕು. ಮಿಡಿ ಉಪ್ಪಿನಕಾಯಿ ಬಿಡಿ ಎಂದಾಗ ನನ್ನನ್ನು ನೋಡುವ ನೋಟವೇ ಬೇರೆ! ಶ್ರವಣ ಸರಿಯಿದ್ದು, ದಿನಗಟ್ಟಲೆ ವಾಂತಿಯೊಡನೆ ತಿರುಗಿದರೆ ಸಮತೋಲದ ನರದ ಉರಿಯೂತವಿರಬಹುದು. ವಾಂತಿ ನಿಂತೊಡನೆ ಎದ್ದು ನಡೆದಾಡಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅಂದೇ ಬನ್ನಿ.

ಆದರೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಯೊಂದು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಮೆದುಳಿನ ಪಾರ್ಶ್ವವಾಯು ಆಗಿರಬಹುದು. ಅಂಥವರನ್ನು ನನ್ನ ಬಳಿ ಕರೆತಂದು ಹೊತ್ತು ಕಳೆಯಬೇಡಿ. ಗಡಿಯ ತಲಪಾಡಿ ದಾಟಿ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಿ.