ಹೊಳೆ ಮುಟ್ಟದ ಹೊಲದಲ್ಲೂ ತೊಗರಿ ಒಣಗುವುದೇಕೆ?

ನಮಸ್ಕಾರ. ಕಲಬುರಗಿ ಜಿಲ್ಲೆಯಲ್ಲಿ ಬೆಳೆ ಹಾನಿ ಎಂದೊಡನೆ ಕಣ್ಣ ಮುಂದೆ ಬರುವುದು ಭೀಮಾ ಮತ್ತು ಕಾಗಿಣಾ ನದಿಗಳ ಪ್ರವಾಹ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಕಡೆಯಿಂದ ಬಂದ ನೀರು ಭೀಮಾ ತೀರದ ಹೊಲಗಳನ್ನು ಮುಳುಗಿಸಿದ್ದನ್ನು ನೀವೆಲ್ಲರೂ ನೋಡಿದ್ದೀರಿ. ಆದರೆ ನಾನು ಇಂದು ಮಾತನಾಡಬೇಕೆಂದಿರುವುದು ಹೊಳೆ ಎಂದೂ ಮುಟ್ಟದ ಹೊಲದ ಬಗ್ಗೆ: ಬಿದ್ದ ಮಳೆಯ ನೀರೇ ನಾಲ್ಕು ದಿನ ನಿಂತು, ಮುಂದೆ ಹೂವು ಕಾಯಿಯ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿದ ಹೊಲದ ಬಗ್ಗೆ.

ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ, ಬಿರುಕುಗಳೆಲ್ಲ ಮುಚ್ಚಿಕೊಂಡು, ನೀರನ್ನು ಕೆಳಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ತೊಗರಿಯ ಬೇರಿಗೂ ಅದರಲ್ಲಿ ಸಾರಜನಕ ಹಿಡಿದುಕೊಡುವ ಗಂಟುಗಳಿಗೂ ಗಾಳಿ ಬೇಕು. ಗಾಳಿ ಸಿಗದೆ ಸೋತ ಗಿಡಕ್ಕೆ ಮಣ್ಣಿನಲ್ಲಿರುವ ರೋಗಗಳು ಸುಲಭವಾಗಿ ತಗಲುತ್ತವೆ. ಗಿಡವನ್ನು ಬಾಡಿಸಿ ಒಣಗಿಸುವ ನೆಟೆ ರೋಗ ತರುವ ಶಿಲೀಂಧ್ರವಂತೂ ಹಳೆಯ ಕೂಳೆಗಳಲ್ಲಿ ಸುಮಾರು ಮೂರು ವರ್ಷ ಜೀವ ಹಿಡಿದಿರಬಲ್ಲದು. ಅಂದರೆ ವರ್ಷ ವರ್ಷವೂ ಅದೇ ಹೊಲದಲ್ಲಿ ತೊಗರಿಯನ್ನೇ ಬಿತ್ತುವವರು ಬೀಜದೊಂದಿಗೆ ರೋಗಕ್ಕೂ ಊಟ ಹಾಕುತ್ತಿರುತ್ತಾರೆ. 1986ರಲ್ಲಿ ಬಂದ ಮಾರುತಿ ಮತ್ತು ಆಮೇಲೆ ಬಂದ ಟಿ.ಎಸ್.-3ಆರ್ ತಳಿಗಳು ನೆಟೆಯನ್ನು ತಡೆದುಕೊಳ್ಳುತ್ತವೆ, ನಿಜ. ಆದರೆ ನಿಂತ ನೀರಿಗೆ ತಳಿಯೊಂದೇ ಉತ್ತರವಾಗಲಾರದು.

ಹಾಗಾದರೆ ಹಿಂದಿನಂತೆ ಜೋಳ ಬಿತ್ತಿ ಎಂದು ಉಪದೇಶ ಮಾಡುವುದು ಸುಲಭ. ಜೋಳದೊಂದಿಗೆ ಬೆಳೆ ಬದಲಿಸಿದರೆ ನೆಟೆ ತಗ್ಗುತ್ತದೆ ಎಂಬುದೂ ಸತ್ಯವೇ. ಆದರೆ 2025-26ಕ್ಕೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಇದ್ದ ತೊಗರಿಯನ್ನು ಬಿಟ್ಟು, ಕೊಯ್ಯಲು ಆಳು ಸಿಗದ ಜೋಳಕ್ಕೆ ಹೋಗಿ ಎಂದು ಸಾಲ ಹೊತ್ತ ರೈತನಿಗೆ ಹೇಳುವ ಧೈರ್ಯ ನನಗಿಲ್ಲ. ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಹಾಕಿ ಎಂದಷ್ಟೇ ಹೇಳಬಲ್ಲೆ. ತೊಗರಿ ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುವುದರಿಂದ ಆ ಜಾಗ ಹೇಗೂ ಖಾಲಿಯೇ ಇರುತ್ತದೆ.

ನನ್ನ ನಿಜವಾದ ತಕರಾರು ಬದುಗಳ ಬಗ್ಗೆ. ಬರಗಾಲಕ್ಕೆ ಅಂಜಿ ತಲೆಮಾರುಗಳಿಂದ ನೀರು ಹಿಡಿಯಲು ಬದು ಹಾಕಿದವರು ನಾವು. ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಬಿಡುವುದನ್ನು ಮಾತ್ರ ಎಷ್ಟೋ ಹೊಲಗಳಲ್ಲಿ ಮರೆತಿದ್ದೇವೆ. ಕೋಡಿ ಬಿಟ್ಟರೆ ನೀರು ಕೆಳಗಿನವರ ಹೊಲಕ್ಕೆ ನುಗ್ಗುತ್ತದೆ, ಅಲ್ಲಿಂದ ಜಗಳ ಶುರು. (ಅಣ್ಣತಮ್ಮಂದಿರ ನಡುವೆಯೇ ಇದಕ್ಕಾಗಿ ಮಾತು ನಿಂತದ್ದನ್ನು ಕಂಡಿದ್ದೇನೆ.) ಆದ್ದರಿಂದ ನಿಂತ ನೀರನ್ನು ಹೊರಹಾಕುವ ಬಸಿಗಾಲುವೆ ಒಬ್ಬ ರೈತನಿಂದ ಆಗುವ ಕೆಲಸವಲ್ಲ, ಮೇಲಿನ ಹೊಲದಿಂದ ಹಳ್ಳದವರೆಗೆ ಒಂದೇ ದಾರಿ ಹಾಕಿ, ನಡುವೆ ಕೃಷಿ ಹೊಂಡ ತೋಡಬೇಕು. ಸೆಪ್ಟೆಂಬರ್‌ನಲ್ಲಿ ಬೆಳೆ ಕೊಲ್ಲುವ ನೀರೇ ಹೂವಿನ ಕಾಲದಲ್ಲಿ ಒಂದು ಸಲ ಹಾಯಿಸಲು ಸಿಕ್ಕರೆ ಕಾಯಿ ತುಂಬುತ್ತದೆ.

ಪರಿಹಾರದ ಲೆಕ್ಕವನ್ನೂ ನೋಡೋಣ. 2025ರಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದರೆ, ಮಳೆಯಾಶ್ರಿತ ಬೆಳೆಗೆ ವಿಪತ್ತು ನಿಧಿಯಿಂದ ಹೆಕ್ಟೇರಿಗೆ 8,500 ರೂಪಾಯಿ ಸಿಗುತ್ತಿತ್ತು, ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಆ ವರ್ಷ ರಾಜ್ಯ ಸರ್ಕಾರ ಅಷ್ಟೇ ಮೊತ್ತವನ್ನು ಸೇರಿಸಿತು. ಆದರೂ ಎಕರೆಗೆ 7,000 ರೂಪಾಯಿ ಮುಟ್ಟಲಿಲ್ಲ. ಇನ್ನು ವಿಮೆಯಲ್ಲಿ ಇಳುವರಿ ನಷ್ಟವನ್ನು ಅಳೆಯುವುದು ಪಂಚಾಯಿತಿಯ ಸರಾಸರಿಯ ಮೇಲೆ. ಒಬ್ಬನ ಹೊಲದಲ್ಲಿ ನೆಟೆ ಬಿದ್ದ ಅರ್ಧ ಎಕರೆ ಆ ಸರಾಸರಿಯಲ್ಲಿ ಕಾಣುವುದೇ ಇಲ್ಲ. ಈ ಹಣ ಬೇಡವೆಂದು ನಾನು ಹೇಳುತ್ತಿಲ್ಲ, ಇನ್ನೂ ಹೆಚ್ಚಾಗಿ ಬರಲಿ. ಆದರೆ ಹಾನಿಯ ನಂತರ ಪಂಚನಾಮೆಗೆ ಬರುವ ಅಧಿಕಾರಿಗಳು ನೀರು ಎಲ್ಲಿ ನಿಂತಿತ್ತು ಎಂಬುದನ್ನೂ ಬರೆದುಕೊಂಡು, ಬೇಸಿಗೆಯಲ್ಲಿ ಅದೇ ಪಟ್ಟಿ ಹಿಡಿದು ಉದ್ಯೋಗ ಖಾತ್ರಿಯ ಕೆಲಸ ಹಚ್ಚಬೇಕೆಂಬುದು ನನ್ನ ಒತ್ತಾಯ.

ಅಲ್ಲಿಯವರೆಗೆ ರೈತ ಬಾಂಧವರು ಒಂದು ಕೆಲಸ ಮಾಡಬಹುದು. ದೊಡ್ಡ ಮಳೆಯ ಮರುದಿನ ಹೊಲಕ್ಕೆ ಹೋಗಿ, ನೀರು ನಿಂತ ಜಾಗದ ಸುತ್ತ ನಾಲ್ಕು ಗೂಟ ನೆಟ್ಟು ಬನ್ನಿ. ಕೆಳಗಿನ ಹೊಲದವರನ್ನೂ ಜೊತೆಗೆ ಕರೆದುಕೊಂಡು ಹೋಗಿ.