ನೂರಕ್ಕೆ ಮೂರು

ಕೇಳುಗರಿಗೆ ನಮಸ್ಕಾರ.

ನಾನು ಗಣಿತದ ಮಾಸ್ತರ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತೇನೆ. ಹೈಸ್ಕೂಲು ಮಕ್ಕಳಿಗೆ ದುಡ್ಡಿನ ಲೆಕ್ಕ ಕಲಿಸುವ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದಾಗ ಒಪ್ಪಿಕೊಂಡೆ. ಆ ಪಾಠದಲ್ಲಿ ನಾನೇ ಮೊದಲು ಮುಗ್ಗರಿಸಿದವನು, ಹಾಗಾಗಿ ಹೇಳಲಿಕ್ಕೆ ಒಂದಿಷ್ಟು ಇದೆ.

ಒಂದು ದಿನ 9ನೇ ತರಗತಿಯಲ್ಲಿ ಬಡ್ಡಿ ಲೆಕ್ಕ ನೆನಪು ಮಾಡಿಸುತ್ತಿದ್ದೆ. ಅಸಲು 10,000 ರೂಪಾಯಿ, ದರ ಶೇಕಡ 3, ಒಂದು ವರ್ಷಕ್ಕೆ ಸರಳಬಡ್ಡಿ ಎಷ್ಟು? ಇಡೀ ತರಗತಿ ಒಂದೇ ದನಿಯಲ್ಲಿ 300 ಅಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಅದು ತಿಂಗಳಿಗೆ 300 ಅಲ್ಲೇನ್ರಿ?" ಅಂದ. ಎಲ್ಲರೂ ನಕ್ಕರು. ನಾನೂ, "ವರ್ಷಕ್ಕೆ ಅಂತ ಬರದೀನಲ್ಲೋ, ಸರಿಯಾಗಿ ಓದು" ಎಂದು ಕೂರಿಸಿದೆ.

ಸಂಜೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಹುಡುಗ ತಪ್ಪು ಹೇಳಿರಲಿಲ್ಲ. ಅವನ ಮನೆಯಲ್ಲಿ, ಅವನ ಓಣಿಯಲ್ಲಿ, ಬಡ್ಡಿ ಅಂದರೆ ತಿಂಗಳ ಬಡ್ಡಿಯೇ. "ನೂರಕ್ಕ ಮೂರು ರೂಪಾಯಿ" ಅಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ನಮ್ಮ ಪುಸ್ತಕ ವರ್ಷದ ಭಾಷೆ ಮಾತಾಡುತ್ತದೆ, ಬ್ಯಾಂಕೂ ವರ್ಷದ ಭಾಷೆ ಮಾತಾಡುತ್ತದೆ, ಊರು ಮಾತ್ರ ತಿಂಗಳ ಭಾಷೆ ಮಾತಾಡುತ್ತದೆ. ಬ್ಯಾಂಕಿನವರು ಚಿನ್ನದ ಮೇಲೆ ಶೇಕಡ 10 ಅಂದರೆ, "ಅಯ್ಯೋ, ಹತ್ತಂತ! ನಮ್ಮ ಸಾಹುಕಾರ್ರು ಬರೇ ಮೂರಕ್ಕ ಕೊಡ್ತಾರ" ಎಂದು ಹೆದರಿ ವಾಪಸು ಬಂದ ಅಜ್ಜಿಯ ಕತೆಯನ್ನು ಆಮೇಲೆ ಮಕ್ಕಳೇ ಹೇಳಿದರು. ಹತ್ತು ದೊಡ್ಡದೋ ಮೂರು ದೊಡ್ಡದೋ ಎಂದು ಒಂದನೇ ತರಗತಿಯ ಮಗುವನ್ನು ಕೇಳಿದರೆ ಏನು ಹೇಳುತ್ತದೆಯೋ ಅಜ್ಜಿಯೂ ಅದನ್ನೇ ಹೇಳಿದ್ದಾಳೆ.

ಮರುದಿನ ಆ ಹುಡುಗನನ್ನೇ ಬೋರ್ಡಿಗೆ ಕರೆದೆ. 10,000ಕ್ಕೆ ತಿಂಗಳಿಗೆ 300. ವರ್ಷಕ್ಕೆ 3,600. ಬರೀ ಬಡ್ಡಿಯೇ ಅಸಲನ್ನು ದಾಟುವುದು ಯಾವಾಗ ಎಂದು ಕೇಳಿದೆ. ಬಡ್ಡಿಗೆ ಬಡ್ಡಿ ಹಾಕದೇ 34ನೇ ತಿಂಗಳಿಗೆ 10,200 ಆಯಿತು. ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಹಿಂದಿನ ದಿನ ನಕ್ಕವರು ಯಾರೂ ಈಗ ನಗಲಿಲ್ಲ.

ನಾನು ತಪ್ಪು ಮಾಡಿದ್ದು ಇದರ ನಂತರ. ಹುರುಪು ಬಂದಿತ್ತು. "ನಿಮ್ಮ ಮನಿ ಒಂದು ತಿಂಗಳ ಜಮಾ-ಖರ್ಚು ಬರಕೊಂಡು ಬರ್ರಿ" ಎಂದು ಮನೆಗೆಲಸ ಕೊಟ್ಟೆ. ಅರ್ಧ ಮಕ್ಕಳು ಖಾಲಿ ಹಾಳೆ ತಂದರು. ಒಬ್ಬ ಹುಡುಗಿಯ ಹಾಳೆ ಮಾತ್ರ ಚೊಕ್ಕಟವಾಗಿತ್ತು: ಸಂಬಳ 30,000, ಮನೆ ಬಾಡಿಗೆ, ಪೆಟ್ರೋಲು, ಉಳಿತಾಯ 6,000. ಅವಳ ತಾಯಿ ಕೂಲಿಗೆ ಹೋಗುತ್ತಾರೆ, ಮನೆಯಲ್ಲಿ ಗಾಡಿಯೇ ಇಲ್ಲ. ಯಾವುದೋ ಗೈಡಿನ ಮಾದರಿ ಉತ್ತರವನ್ನು ಇಳಿಸಿಕೊಂಡು ಬಂದಿದ್ದಳು. ಮೂರನೇ ದಿನ ಇನ್ನೊಬ್ಬ ತಾಯಿ ಶಾಲೆಯ ಗೇಟಿಗೇ ಬಂದರು. "ನಮ್ಮ ಮನಿ ಸಾಲ ನಿಮಗ್ಯಾಕ್ರಿ ಸರ್?" ಎಂದು ಕೇಳಿದರು. ಜೋರು ಮಾಡಲಿಲ್ಲ, ಮೆಲ್ಲಗೇ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಹೇಳಿದ್ದು ಸರಿ. ಮನೆಯ ಬಡತನವನ್ನು ಹಾಳೆಯ ಮೇಲೆ ಬರೆದು ನಲವತ್ತು ಮಕ್ಕಳ ನಡುವೆ ಇಡು ಅನ್ನುವುದು ಪಾಠವಲ್ಲ.

ಆಮೇಲೆ ದಾರಿ ಬದಲಿಸಿದೆ. ತರಗತಿಯೇ ಸೇರಿ ಒಂದು ಮನೆಯನ್ನು ಕಟ್ಟಿತು. ಅದಕ್ಕೆ ಹೆಸರಿಡಲಿಲ್ಲ, 'ಆ ಮನಿ' ಅಂತ ಕರೆದೆವು. ಎರಡು ಎಕರೆ ಮೆಣಸಿನಕಾಯಿ, ಒಂದು ಎಕರೆ ಗೋವಿನಜೋಳ, ಒಂದು ಎಮ್ಮೆ. ಅಪ್ಪ, ಅವ್ವ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ಅವ್ವನಿಗೆ ಗೃಹಲಕ್ಷ್ಮಿಯ 2,000. "ಅದು ಯಾವ ತಾರೀಖಿಗೆ ಬರ್ತೈತಿ?" ಎಂದು ಕೇಳಿದೆ. "ಬಂದಾಗ ಬರ್ತೈತ್ರಿ" ಎಂದು ಉತ್ತರ ಬಂತು. ಅದನ್ನೂ ಹಾಗೇ ಬರೆದುಕೊಂಡೆವು. ಯಾರ ಮನೆಯೂ ಅಲ್ಲದ ಆ ಮನೆಯ ಬಗ್ಗೆ ಮಾತಾಡುವಾಗ ಮಕ್ಕಳ ಬಾಯಿ ಕಟ್ಟಲಿಲ್ಲ. ಗೊಬ್ಬರದಂಗಡಿಯ ಉದ್ರಿ, ಸಂಘದ ವಾರದ ಕಂತು, ಅಪ್ಪನ ಗುಟ್ಕಾ, ಅಕ್ಕನ ಮದುವೆಯ ಕೈಗಡ ಎಲ್ಲವೂ ಹೊರಬಂತು. ವೇಷ ಹಾಕಿಕೊಂಡರೆ ಸತ್ಯ ಸಲೀಸಾಗಿ ಬರುತ್ತದೆ, ಬಯಲಾಟ ನೋಡಿದವರಿಗೆ ಇದು ಹೊಸದಲ್ಲ.

ಆ ಮನೆಯ ಲೆಕ್ಕವನ್ನು ತಿಂಗಳಿಗೆ ಅಂತ ಬರೆಯಲು ಹೋದಾಗ ಪುಸ್ತಕದ ಬಜೆಟ್ಟು ಎಷ್ಟು ದೂರದ್ದು ಎನ್ನುವುದು ಗೊತ್ತಾಯಿತು. ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವ ಸೂತ್ರ 50-30-20: ಗಳಿಕೆಯಲ್ಲಿ ಅರ್ಧ ಅಗತ್ಯಕ್ಕೆ, 30 ಭಾಗ ಆಸೆಗೆ, 20 ಭಾಗ ಉಳಿತಾಯಕ್ಕೆ. ಪ್ರತಿ ತಿಂಗಳು ಸಂಬಳ ಕಾಣುವವರಿಗೆ ಸರಿ, ನನಗೂ ಸರಿ. ಆ ಮನೆಗೆ ಗಳಿಕೆ ಇರುವುದು ಗೋವಿನಜೋಳ ಮಾರಿದಾಗ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಹೋದಾಗ ಒಮ್ಮೆ. ನಡುವೆ ಡೈರಿಯ ಬಟವಾಡೆ. ಹನ್ನೆರಡು ಕಾಲಮ್ಮಿನ ದೊಡ್ಡ ಹಾಳೆ ಮಾಡಿ ಗೋಡೆಗೆ ಅಂಟಿಸಿದೆವು. ಗಳಿಕೆಯ ಸಾಲು ಬರೆದದ್ದಾಯಿತು. ಖರ್ಚಿನ ಸಾಲು ಬರೆದರು: ಜೂನಿನಲ್ಲಿ ಬೀಜ, ಗೊಬ್ಬರ, ನೋಟ್‌ಬುಕ್ಕು. ಶ್ರಾವಣದಲ್ಲಿ ಪಂಚಮಿ, ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ, ಸೀರೆ. ಆಮೇಲೆ ದಸರಾ, ದೀಪಾವಳಿ. ಏಪ್ರಿಲ್, ಮೇನಲ್ಲಿ ಮದುವೆ, ಜಾತ್ರೆ.

ಹಾಳೆ ತುಂಬಿದ ಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ. ದುಡ್ಡು ಇರುವ ತಿಂಗಳು ಒಂದು ಕಡೆ, ದುಡ್ಡು ಬೇಕಾದ ತಿಂಗಳು ಇನ್ನೊಂದು ಕಡೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಳಿಕೆಯ ಸಾಲು ಹೆಚ್ಚುಕಡಿಮೆ ಬೋಳು. 'ನೂರಕ್ಕ ಮೂರು' ಒಳಗೆ ಬರುವುದು ಆ ಬೋಳು ಜಾಗದಿಂದಲೇ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ರಿ ಸರ್, ಈ ಹಾಸಿಗಿ ತಿಂಗಳಾ ಬ್ಯಾರೆ ಬ್ಯಾರೆ ಉದ್ದ ಐತಿ" ಎಂದ ಒಬ್ಬ. ಗಾದೆಗೆ ಅಷ್ಟು ಒಳ್ಳೆಯ ತಿದ್ದುಪಡಿ ನಾನು ಬೇರೆಲ್ಲೂ ಕೇಳಿಲ್ಲ.

ಇಲ್ಲೊಂದು ಹಳೆಯ ಕತೆ ಹೇಳಬೇಕು. 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ಹುಟ್ಟಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಕಟ್ಟಿದ್ದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡಿತು, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಅವರು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದರು. ಬ್ಯಾಂಕಿನ ಏಜೆಂಟ್ ದಿನಾ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದ. ಇವತ್ತಿಗೂ ನಮ್ಮ ಪೇಟೆಗಳಲ್ಲಿ ಸಂಜೆಯಾದರೆ ಪಿಗ್ಮಿಯವರು ಬರುತ್ತಾರೆ. ಇದು ಯಾಕೆ ನಡೆಯಿತು ಎಂದು ಮಕ್ಕಳನ್ನು ಕೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟವರ ಮಗಳು ಹೇಳಿದಳು: "ನಮಗ ದಿನಾ ರೊಕ್ಕ ಬರ್ತೈತ್ರಿ, ಅದಕ್ಕ ದಿನಾ ಕಟ್ಟತೀವಿ." ಅಷ್ಟೇ. ದುಡ್ಡು ಬರುವ ತಾಳಕ್ಕೆ ಉಳಿತಾಯದ ತಾಳ ಕೂಡಿತ್ತು. ಸುಗ್ಗಿಯಲ್ಲಿ ಮಾತ್ರ ಕೈಗೆ ರೊಕ್ಕ ಬರುವ ಮನೆಗೆ ದಿನಾ ಉಳಿಸು ಅಂದರೆ ತಾಳ ತಪ್ಪುತ್ತದೆ. ಆ ಮನೆಗೆ ಬೇಕಾದದ್ದು ಮಾರ್ಚಿನ ರೊಕ್ಕವನ್ನು ಜೂನಿಗೆ ಇಷ್ಟು, ಪಂಚಮಿಗೆ ಇಷ್ಟು, ಅಕ್ಟೋಬರಿಗೆ ಇಷ್ಟು ಎಂದು ಅವತ್ತೇ ಬೇರೆಬೇರೆ ಮಾಡಿಡುವುದು. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ಹಾಕುತ್ತಿದ್ದವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಹಾಗಂತ ಸಣ್ಣ ಉಳಿತಾಯವನ್ನು ನಾನು ತಳ್ಳಿಹಾಕುತ್ತಿಲ್ಲ. ಅಂಚೆ ಕಚೇರಿಯ ಆರ್.ಡಿ.ಯಲ್ಲಿ ತಿಂಗಳಿಗೆ 100 ರೂಪಾಯಿಯಂತೆ ಐದು ವರ್ಷ ಕಟ್ಟಿದರೆ 6,000 ಕಟ್ಟಿದಂತಾಗುತ್ತದೆ. ಶೇಕಡ 6.7ರ ಬಡ್ಡಿದರದಲ್ಲಿ ಕೈಗೆ ಬರುವುದು 7,136ರ ಆಸುಪಾಸು. ಚಕ್ರಬಡ್ಡಿ ನಮ್ಮ ಕಡೆಗೂ ತಿರುಗುತ್ತದೆ ಎನ್ನುವುದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು. 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ಹಾಕುವ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು, ರಿಸರ್ವ್ ಬ್ಯಾಂಕಿನ ಅನುಮತಿಯಿದೆ. ಕೇಂದ್ರ ಸರ್ಕಾರದ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ವರ್ಷಕ್ಕೆ 12,000 ವಿದ್ಯಾರ್ಥಿವೇತನ ಖಾತೆಗೇ ಬರುತ್ತದೆ. ಆ ಪಾಸ್‌ಬುಕ್ಕನ್ನು ಓದಲು ಬಾರದ ಹತ್ತನೇ ತರಗತಿಯವರು ನಮ್ಮಲ್ಲಿದ್ದಾರೆ.

ಊರಿನವರಿಗೆ ಲೆಕ್ಕ ಬರುವುದಿಲ್ಲ ಎಂದು ಮಾತ್ರ ದಯವಿಟ್ಟು ತಿಳಿಯಬೇಡಿ. ಸೊಸೈಟಿಯ ಬೆಳೆಸಾಲಕ್ಕೆ ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ವಾಯಿದೆ ಮೀರಿದರೆ ಆ ಸವಲತ್ತು ಹೋಗುತ್ತದೆ. ಅದಕ್ಕೆ 'ಆ ಮನಿ'ಯ ಅಪ್ಪ ಕಡೆಯ ವಾರದಲ್ಲಿ ಖಾಸಗಿಯವರಿಂದ 1 ಲಕ್ಷ ತಂದು ಸೊಸೈಟಿಗೆ ಕಟ್ಟಿ, ಹತ್ತು ದಿನದಲ್ಲಿ ಹೊಸ ಸಾಲ ಎತ್ತಿ ಅದನ್ನು ತೀರಿಸುತ್ತಾನೆ. ನನಗೆ ಇದು ಮೂರ್ಖತನ ಎನಿಸಿತ್ತು. ಮಕ್ಕಳು ಲೆಕ್ಕ ಹಾಕಿದರು. ನೂರಕ್ಕೆ ಮೂರರಂತೆ ಹತ್ತು ದಿನಕ್ಕೆ 1,000 ಆಗಬೇಕು. "ಇಲ್ರಿ ಸರ್, ಹತ್ತು ದಿನ ಆದ್ರೂ ತಿಂಗಳ ಬಡ್ಡಿನ ಹಿಡೀತಾರ" ಎಂದು ಒಬ್ಬ ತಿದ್ದಿದ. ಸರಿ, 3,000. ವಾಯಿದೆ ಮೀರಿದರೆ ಸೊಸೈಟಿಗೆ ವರ್ಷದ ಬಡ್ಡಿ ಶೇಕಡ 7 ಎಂದು ಹಿಡಿದರೂ 7,000. ಅಪ್ಪನೇ ಗೆದ್ದ. ನಾನು ಚಾಕ್‌ಪೀಸು ಕೆಳಗಿಟ್ಟೆ.

ಲೆಕ್ಕ ಸೋಲುವುದು ಹೊಸ ಭಾಷೆಯ ಸಾಲದ ಮುಂದೆ. 60,000 ರೂಪಾಯಿ ಬೈಕ್ ಸಾಲ, 'ಫ್ಲಾಟ್ 10 ಪರ್ಸೆಂಟ್', ಎರಡು ವರ್ಷ. ಬಡ್ಡಿ 12,000, ಒಟ್ಟು 72,000, ತಿಂಗಳಿಗೆ 3,000. ಕೇಳಲಿಕ್ಕೆ ಚೆಂದ. ಆದರೆ ಅಸಲು ತಿಂಗಳಾ ತಿಂಗಳಾ ಕರಗುತ್ತದೆ, ಬಡ್ಡಿ ಮಾತ್ರ ಕಡೆಯ ಕಂತಿನವರೆಗೂ ಪೂರ್ತಿ 60,000ದ ಮೇಲೆಯೇ ಬೀಳುತ್ತದೆ. ಕೊನೆಯ ತಿಂಗಳು ನಮ್ಮ ಮೇಲೆ ಇರುವ ಸಾಲ 2,500, ಕಟ್ಟುವ ಬಡ್ಡಿ 500! ಸರಿಯಾಗಿ ಲೆಕ್ಕ ಹಾಕಿದರೆ ಆ ಹತ್ತು ನಿಜಕ್ಕೂ ಹದಿನೆಂಟರ ಮೇಲಿದೆ. ಇದನ್ನು ಬಿಡಿಸಿದ ದಿನ ಮೂರು ಮಕ್ಕಳು ತಮ್ಮ ಅಣ್ಣಂದಿರ ಸಾಲದ ಕಾಗದ ಇಸಿದುಕೊಂಡು ಬಂದರು.

ಫೋನಿನ ವಿಷಯ ಬೇಗ ಮುಗಿಸುತ್ತೇನೆ, ಅದು ಎರಡೇ ವಾಕ್ಯ. ನಮಗೆ ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಾಗಿಯೇ ಇಲ್ಲ, ದುಡ್ಡು ಬರುತ್ತದೆ ಎಂದು ಹೇಳಿ ಪಿನ್ ಒತ್ತಿಸಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಮೋಸ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬಹಳ ಮನೆಗಳಲ್ಲಿ ಫೋನ್‌ಪೇ ನಡೆಸುವವರು ಮಕ್ಕಳೇ, ಅವರಿಗೆ ಗೊತ್ತಾದರೆ ಮನೆಗೆ ಗೊತ್ತಾದಂತೆ.

ಒಂದು ಪ್ರಶ್ನೆಗೆ ನಮ್ಮ ತರಗತಿ ಇನ್ನೂ ಉತ್ತರ ಕೊಟ್ಟಿಲ್ಲ. ಮದುವೆಯಲ್ಲಿ ಆಯೇರ, ಅಂದರೆ ಉಡುಗೊರೆ, ಮಾಡುತ್ತೇವಲ್ಲ, ಅದು ಖರ್ಚೋ, ಹಳೆಯ ಸಾಲ ತೀರಿಸಿದ್ದೋ, ಮುಂದಿನ ಮದುವೆಗೆ ಇಟ್ಟ ಠೇವಣಿಯೋ? ಯಾರು ಎಷ್ಟು ಮಾಡಿದರು ಎಂಬ ಪಟ್ಟಿ ಎಲ್ಲರ ಮನೆಯ ಟ್ರಂಕಿನಲ್ಲೂ ಇದೆ, ಅಂದಮೇಲೆ ಸಾಲವೇ ಎಂದು ಒಂದು ಗುಂಪು. ಬಡ್ಡಿ ಇಲ್ಲ, ವಾಯಿದೆ ಇಲ್ಲ, ಅದು ಸಾಲ ಹೇಗಾಗುತ್ತದೆ ಎಂದು ಇನ್ನೊಂದು ಗುಂಪು. ಒಂದಿಡೀ ಪಿರಿಯಡ್ ಹೋಯಿತು. ಕೊನೆಗೆ ಅದಕ್ಕೆ ಬೇರೆಯದೇ ಒಂದು ಸಾಲು ಎಳೆದು 'ಆಯೇರ' ಎಂದಷ್ಟೇ ಬರೆದೆವು.

ಈ ವರ್ಷ ಸುಗ್ಗಿಯಲ್ಲಿ ಒಬ್ಬ ಹುಡುಗಿ ಅಪ್ಪನ ಮೆಣಸಿನಕಾಯಿ ಪಟ್ಟಿ, ಅಂದರೆ ದಲಾಲರು ಕೊಟ್ಟ ಮಾರಾಟದ ಚೀಟಿ, ತಂದಳು. ಗೈಡಿನಿಂದ 30,000 ಸಂಬಳ ಇಳಿಸಿಕೊಂಡು ಬಂದವಳೇ. ಈಚೆಗೆ ಮನೆಯವರು ಲಾವಣಿ, ಅಂದರೆ ಗೇಣಿ, ಹೊಲ ಮಾಡಿದ್ದಾರೆ. "ಸರ್, ಇದ್ರಾಗ ಹಮಾಲಿ ಎರಡ ಸಲ ಹಿಡದಾರ್ರಿ" ಎಂದಳು. ನೋಡಿದೆ, ಹೌದು. 240 ರೂಪಾಯಿ. "ಅಪ್ಪಗ ಹೇಳು, ದಲಾಲರ ಅಂಗಡಿಗೆ ಹೋಗಿ ತಿದ್ದಿಸಿಕೊಂಡು ಬರಲಿ" ಎಂದೆ. ಮರುದಿನ ಕೇಳಿದರೆ, "ಬ್ಯಾಡ ಅಂದ್ರ್ರಿ ಅಪ್ಪ. ಜೂನ್‌ದಾಗ ಮುಂಗಡ ಕೊಡೋರು ಅವರ ಅಲ್ರಿ, 240ಕ್ಕ ಯಾಕ ಮಾತು ಅಂದ್ರು" ಎಂದಳು. ನಾನು ಏನೂ ಹೇಳಲಿಲ್ಲ. ಆ ವಾರ ನೋಟ್‌ಬುಕ್ ತಿದ್ದುವಾಗ ಅವಳ ಲೆಕ್ಕ ಸಿಕ್ಕಿತು. ಆ 240ನ್ನು ಹಮಾಲಿಯ ಸಾಲಿನಲ್ಲಿ ಬರೆದಿರಲಿಲ್ಲ, ಬಡ್ಡಿಯ ಸಾಲಿನಲ್ಲಿ ಬರೆದಿದ್ದಳು.

ನಮಸ್ಕಾರ.