ನಿಶಿಜಿನ್ ಓಬಿ: ನೇಕಾರರ ಹಿಂದಿರುವ ಕೈಗಳು

ನಮಸ್ಕಾರ. ಜಪಾನಿನ ಕ್ಯೋಟೋ ನಗರದ ನಿಶಿಜಿನ್‌ನಲ್ಲಿ ಸಿದ್ಧವಾಗುವ ಓಬಿಯನ್ನು, ಅಂದರೆ ಕಿಮೋನೋ ಮೇಲೆ ಸುತ್ತಿ ಬೆನ್ನ ಹಿಂದೆ ಕಟ್ಟುವ ರೇಷ್ಮೆಯ ನಡುಪಟ್ಟಿಯನ್ನು, ಕಂಡವರೆಲ್ಲ ಮೊದಲು ಹೊಗಳುವುದು ನೇಕಾರರನ್ನು. ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದು ಅಲ್ಲಿಗೇ ನಿಂತುಬಿಡುವುದರಿಂದ ಈ ಕಸುಬಿಗೆ ಕೇಡಾಗುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಾರಂಭಗಳಲ್ಲಿ ಈಗ ಹೆಚ್ಚಾಗಿ ಕಟ್ಟುವ ಫುಕುರೊ ಓಬಿ ಸುಮಾರು 31 ಸೆಂಟಿಮೀಟರ್ ಅಗಲ, 4 ಮೀಟರಿಗೂ ಮೀರಿದ ಉದ್ದ. ಅದರಲ್ಲಿ ಮಿನುಗುವ ಚಿನ್ನವನ್ನು ಗಮನಿಸಿ. ಹಿಕಿಬಾಕು ಎಂಬ ವಿಧಾನದಲ್ಲಿ ಅದು ಲೋಹದ ತಂತಿಯಲ್ಲ, ಕಾಗದ. ವಾಶಿ ಎಂಬ ಕೈಕಾಗದಕ್ಕೆ ಅಂಟು ಬಳಿದು, ಚಿನ್ನದ ರೇಕನ್ನು ಕೂರಿಸಿ, ಒಣಗಿದ ಮೇಲೆ ಮಿಲಿಮೀಟರಿಗಿಂತ ಸಣ್ಣ ಎಳೆಗಳಾಗಿ ಕತ್ತರಿಸುತ್ತಾರೆ. ನೇಯುವಾಗ ತುದಿಯಲ್ಲಿ ಕೊಕ್ಕೆಯಿರುವ ಬಿದಿರಿನ ಕಡ್ಡಿಯನ್ನು ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲುಗಳ, ನಡುವೆ ತೂರಿಸಿ, ಒಂದೊಂದೇ ಕಾಗದದ ಎಳೆಯನ್ನು ಹೊಕ್ಕಾಗಿ, ಅಂದರೆ ಅಡ್ಡ ಎಳೆಯಾಗಿ, ಎಳೆದುಕೊಳ್ಳಬೇಕು. ಎಳೆ ತಿರುಚಿಕೊಂಡರೆ ಚಿನ್ನ ಮರೆಯಾಗಿ ಕಾಗದದ ಬೆನ್ನು ಕಾಣುತ್ತದೆ. ಹಾಳೆಯ ಮೇಲೆ ಮೊದಲೇ ಚಿತ್ತಾರ ಮೂಡಿಸಿದ್ದರಂತೂ ಒಂದು ಎಳೆಯ ಸರದಿ ತಪ್ಪಿದರೂ ಚಿತ್ರ ಒಡೆಯುತ್ತದೆ. ಎಷ್ಟೋ ಓಬಿಗಳನ್ನು ಮುಖ ಕೆಳಗಾಗಿ ನೇಯುವುದರಿಂದ, ಕೆಳಗೆ ಹಿಡಿದ ಕನ್ನಡಿಯಲ್ಲಿ ನೋಡಿಕೊಂಡೇ ನೇಕಾರರು ತಮ್ಮ ಕೆಲಸವನ್ನು ಪರೀಕ್ಷಿಸಬೇಕಾಗುತ್ತದೆ.

ಆದರೆ ಆ ಕಾಗದವನ್ನು ಕತ್ತರಿಸಿದವರು ನೇಕಾರರಲ್ಲ. ವಿನ್ಯಾಸ ಬರೆಯುವವರು, ಅದನ್ನು ಚೌಕಳಿ ಹಾಳೆಗೆ ಇಳಿಸುವವರು, ನೂಲಿಗೆ ಹುರಿ ಹಾಕುವವರು, ಬಣ್ಣ ಕಟ್ಟುವವರು, ಹಾಸು ಹೂಡುವವರು ಎಲ್ಲರೂ ಬೇರೆ ಬೇರೆ. 20ಕ್ಕೂ ಹೆಚ್ಚು ಹಂತಗಳ ಈ ಕೆಲಸ ಬಹುಮಟ್ಟಿಗೆ ಸಣ್ಣ ಸಣ್ಣ ಮನೆಗಳಲ್ಲಿ ಹಂಚಿಹೋಗಿದೆ. ರೇಕಿನ ಕಾಗದ ಕತ್ತರಿಸುವ ಮನೆಯೊಂದು ಬಾಗಿಲು ಹಾಕಿದರೆ, ಮಗ್ಗ ಎಷ್ಟೇ ಗಟ್ಟಿಯಾಗಿರಲಿ, ನೇಕಾರರು ಎಷ್ಟೇ ನಿಪುಣರಾಗಿರಲಿ, ಆ ಬಗೆಯ ಓಬಿ ಹುಟ್ಟುವುದೇ ಇಲ್ಲ.

ಈ ಮಾತು ಹಿಂದಿನವರಿಗೆ ತಿಳಿದಿತ್ತು. ನಿಶಿಜಿನ್ ಎಂದರೆ ಪಶ್ಚಿಮದ ಪಾಳೆಯ. 1467ರಿಂದ 1477ರವರೆಗೆ ನಡೆದ ಓನಿನ್ ಎಂಬ ಅಂತರ್ಯುದ್ಧದಲ್ಲಿ ಪಶ್ಚಿಮ ಪಕ್ಷದ ಸೈನ್ಯ ಬೀಡುಬಿಟ್ಟದ್ದು ಇಲ್ಲಿ; ಆಗ ಊರು ಬಿಟ್ಟಿದ್ದ ನೇಕಾರರು ಮರಳಿ ಬಂದು ಆ ಪಾಳೆಯದ ನೆಲದಲ್ಲೇ ಮಗ್ಗ ಹೂಡಿದರು. ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಆಸ್ಥಾನ ಟೋಕಿಯೋಗೆ ಹೋಗಿ ಇಲ್ಲಿನ ಬೇಡಿಕೆ ಕುಸಿದಾಗ, ಕ್ಯೋಟೋದ ಆಡಳಿತ 1872ರಲ್ಲಿ ಮೂವರನ್ನು ಫ್ರಾನ್ಸಿನ ಲಿಯೋನ್‌ಗೆ ಕಳುಹಿಸಿ ತೂತು ಕೊರೆದ ಕಾರ್ಡುಗಳ ನೆರವಿನಿಂದ ಚಿತ್ತಾರ ನೇಯುವ ಜಕಾರ್ಡ್ ಮಗ್ಗದ ವಿದ್ಯೆಯನ್ನು ತರಿಸಿತು. ಮೂವರಲ್ಲಿ ಒಬ್ಬರು 1874ರಲ್ಲಿ ಮರಳುವಾಗ ಇಜು ಕಡಲತೀರದ ಬಳಿ ಹಡಗು ಮುಳುಗಿ ತೀರಿಕೊಂಡರು. ಅಂದು ಸಾರ್ವಜನಿಕ ಹಣ ಬರಿಯ ಸನ್ಮಾನಕ್ಕಲ್ಲ, ಸಲಕರಣೆಗೆ ಮತ್ತು ಕಲಿಕೆಗೆ ಹೋಯಿತು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. 1976ರಲ್ಲಿ ನಿಶಿಜಿನ್ ನೇಯ್ಗೆಗೆ ಸಾಂಪ್ರದಾಯಿಕ ಕರಕುಶಲವೆಂಬ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಮಾನ್ಯತೆಯ ಫಲ ಕಾಗದ ಕತ್ತರಿಸುವವರ ಕೂಲಿಗೂ, ಅವರ ಬಳಿ ಕಲಿಯಲು ಬರುವ ಹುಡುಗ ಹುಡುಗಿಯರ ಸಂಬಳಕ್ಕೂ ತಲುಪಲೇಬೇಕು.

ಹೆಸರಿನಿಂದಲೇ ಶುರುಮಾಡಬಹುದು. ನಿಶಿಜಿನ್ ಓಬಿಗೆ ಅಲ್ಲಿನ ನೇಯ್ಗೆ ಸಂಘ ಅಂಟಿಸುವ, ಕನ್ನಡಕದ ಆಕಾರದ ಪ್ರಮಾಣಚೀಟಿಯಲ್ಲಿ ತಯಾರಿಸಿದ ಮನೆಯ ಸಂಖ್ಯೆ ಇರುತ್ತದೆ. ಅದರ ಜೊತೆಗೇ ಇನ್ನೊಂದು ಚೀಟಿ ಇರಲಿ: ರೇಕು ಹಚ್ಚಿದವರು ಇಂಥವರು, ಕತ್ತರಿಸಿದವರು ಇಂಥವರು, ಬಣ್ಣ ಕಟ್ಟಿದವರು ಇಂಥವರು ಎಂದು.